ಅಷ್ಟೂರಿಗೆ ನಡೆದೇ ಹೋಗಬೇಕು

ಬೀದರಿಗೆ ಬಂದವರು ಕೋಟೆ ನೋಡಿ, ಅಷ್ಟೂರಿಗೆ ಆಟೋ ಹಿಡಿಯುತ್ತಾರೆ. ಊರಿನಿಂದ ಸುಮಾರು 3 ಕಿಲೋಮೀಟರ್. ನಡೆದೇ ಹೋಗಬೇಕೆಂಬುದು ನನ್ನ ಹಟ. ಜಂಬಿಟ್ಟಿಗೆಯ ದಿನ್ನೆ ಇಳಿಯುತ್ತಿದ್ದಂತೆ ಪೇಟೆಯ ಸದ್ದು ಅಡಗಿ ಹೊಲಗಳು ತೆರೆದುಕೊಳ್ಳುತ್ತವೆ. ದಾರಿಯಲ್ಲಿ ಹಜರತ್ ಖಲೀಲುಲ್ಲಾರ ಚೌಖಂಡಿ ಸಿಗುತ್ತದೆ. ಎಂಟು ಮುಖದ ಆ ಕಟ್ಟಡದ ಮೆಟ್ಟಿಲಲ್ಲಿ ಐದು ನಿಮಿಷ ಕುಳಿತೇ ಮುಂದೆ ಹೋಗುವುದು ನನ್ನ ರೂಢಿ.

ಆಮೇಲೆ ದೂರದಿಂದಲೇ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. ವಾಹನದಲ್ಲಿ ಹೋದವರಿಗೆ ಅವು ಒಮ್ಮೆಲೇ ಎದುರಾಗುತ್ತವೆ. ನಡೆಯುವವನಿಗೆ ಒಂದೊಂದಾಗಿ ಬೆಳೆಯುತ್ತವೆ. ಸಿಡಿಲಿಗೆ ಸೀಳಿದ ಹುಮಾಯೂನನ ಗುಮ್ಮಟ ಅರ್ಧವೇ ನಿಂತಿದೆ. ಗೋಡೆ ಎಷ್ಟು ದಪ್ಪವೆಂದು ಅಲ್ಲಿ ಕಣ್ಣಾರೆ ಕಾಣಬಹುದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾ ವಲಿ ತೀರಿಕೊಂಡದ್ದು 1436ರಲ್ಲಿ. ಅವನ ಗೋರಿಯ ಒಳಗಿನ ಕೆಂಪು, ನೀಲಿ, ಹೊನ್ನಿನ ಚಿತ್ತಾರಕ್ಕೆ ಸಾಟಿಯಾದುದನ್ನು ನಮ್ಮ ಸೀಮೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅವನನ್ನು ಅಲ್ಲಮಪ್ರಭುವೆಂದು ನಂಬುವವರೂ ಇದ್ದಾರೆ. ಹೋಳಿಯ ನಂತರದ ಉರುಸಿಗೆ ಮಡಿಯಾಳದ ಜಂಗಮರೇ ಮುಂದಾಳು.

ಬಿಸಿಲೇರುವ ಮುನ್ನ ಹೊರಡಿ, ನೀರು ಜೊತೆಗಿರಲಿ. ಚಿತ್ತಾರದ ಗೋಡೆಯನ್ನು ಮಾತ್ರ ಮುಟ್ಟಬೇಡಿ.