ಕಲ್ಲು ಓದಿದ ಅಧಿಕಾರಿಗಳು: ಒಂದು ಪರಂಪರೆಯ ಲೆಕ್ಕಾಚಾರ

ಹಾಸನ ಸೀಮೆಯಲ್ಲಿ ಊರಿನ ಚರಿತ್ರೆ ಬರೆಯಲು ಹೊರಟವರು ಮೊದಲು ಹುಡುಕುವುದು ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಮಾಲೆಯ ಐದನೆಯ ಸಂಪುಟವನ್ನು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ತಾಲ್ಲೂಕುವಾರು ಜೋಡಿಸಿದ ಆ ಪುಟಗಳಲ್ಲಿ ತಮ್ಮೂರಿನ ಹೆಸರು ಕಂಡರೆ ಕೆಲಸ ಮುಗಿಯಿತು, ಕಾಣದಿದ್ದರೆ ಊರಿಗೆ ಚರಿತ್ರೆಯೇ ಇಲ್ಲ ಎಂದು ಕೈಚೆಲ್ಲುವವರೇ ಹೆಚ್ಚು. ಎರಡೂ ತಪ್ಪು. ಆ ಸಂಪುಟದ ಹಿಂದಿರುವ ಪರಂಪರೆಯನ್ನು ಗೌರವದಿಂದಲೇ, ಆದರೆ ನಿಷ್ಠುರವಾಗಿ ತೂಗಿ ನೋಡಬೇಕಾಗಿದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕನ್ನಡದ ಪ್ರಾಚ್ಯಸಂಶೋಧನೆ ಬೆಳೆದದ್ದು ಅಧಿಕಾರಿಗಳ ಕೈಯಲ್ಲಿ. ಸರ್ ವಾಲ್ಟರ್ ಎಲಿಯಟ್ (1803–1887) ಇದಕ್ಕೆ ಒಳ್ಳೆಯ ಉದಾಹರಣೆ. 1824ರ ಕಿತ್ತೂರು ಕದನದಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕವರಲ್ಲಿ ಈತನೂ ಒಬ್ಬ. ಅದೇ ಧಾರವಾಡ ಸೀಮೆಯಲ್ಲಿ ಮುಂದೆ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. 1845ರಲ್ಲಿ ಅಮರಾವತಿಯ ಶಿಲ್ಪಗಳನ್ನು ಅಗೆಸಿ ಮದರಾಸಿಗೆ ಸಾಗಿಸಿದ. ಅವುಗಳಲ್ಲಿ ಹಲವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆಮೇಲೆ ಮದರಾಸು ಗವರ್ನರ ಕೌನ್ಸಿಲಿನ ಸದಸ್ಯನೂ ಆದ. ಆಳುವ ಕೈಯೇ ಶಾಸನದ ನಕಲನ್ನೂ ಎತ್ತಿಕೊಂಡಿತು. ಈ ಪರಂಪರೆಯ ಬಲವೂ ದೋಷವೂ ಹುಟ್ಟಿದ್ದು ಅಲ್ಲಿಂದಲೇ.

ರೈಸ್ ಬೇರೆ ಬಗೆಯ ಮನುಷ್ಯ. ಪಾದ್ರಿಯ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮೇಷ್ಟರಾಗಿ, ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ, ಕೊನೆಗೆ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದವರು. 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾಗಿದ್ದವು. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಎಂದು ಕರೆದದ್ದು ಉಪಚಾರಕ್ಕಲ್ಲ.

ಅವರ ನಿಜವಾದ ಸಾಧನೆ ರಾಜವಂಶಗಳ ಕಾಲನಿರ್ಣಯವಲ್ಲ. ಅದರಲ್ಲಿ ಎಷ್ಟೋ ಭಾಗ ಈಗ ತಿದ್ದುಪಡಿಯಾಗಿದೆ. ತಲಕಾಡು ಗಂಗರ ತಾಮ್ರಪಟಗಳನ್ನು ರೈಸ್ ನಂಬಿದರು, ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಖೊಟ್ಟಿ ಎಂದರು. ಈ ಜಗಳ ವರ್ಷಗಟ್ಟಲೆ ನಡೆಯಿತು. ಕೆಲವು ಅಸಲಿ, ಹಲವು ಖೊಟ್ಟಿ ಎಂದು ನಂತರದವರು ಬೇರ್ಪಡಿಸಬೇಕಾಯಿತು. ರೈಸ್ ಗೆದ್ದದ್ದು ಜೋಡಣೆಯಲ್ಲಿ. ಅವರ ಕ್ರಮದಲ್ಲಿ ಚಕ್ರವರ್ತಿಯ ದಾನಶಾಸನಕ್ಕೂ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ವೀರಗಲ್ಲಿಗೂ ಒಂದೊಂದೇ ಸಂಖ್ಯೆ. ಊರು ಯಾವುದು, ಕಲ್ಲು ಊರಿನಲ್ಲಿ ಎಲ್ಲಿದೆ ಎಂದು ಮೊದಲು ಹೇಳಿ ಆಮೇಲೆ ಪಾಠ ಕೊಡುತ್ತಾರೆ. ರಾಜರ ಚರಿತ್ರೆಗೆಂದು ಕಟ್ಟಿದ ಈ ಕಣಜದಿಂದಲೇ ಇಂದು ಕೆರೆ, ಸಂತೆ, ತೆರಿಗೆ, ಬಸದಿಗಳ ಚರಿತ್ರೆಯನ್ನೂ ಅಳೆದು ತೆಗೆಯುತ್ತಿದ್ದೇವೆ.

ದೋಷ ಎಲ್ಲಿ? ಒಮ್ಮೆ ಓದಿದ ಕಲ್ಲು ಓದಿಯಾಯಿತು ಎಂಬ ಭರವಸೆಯಲ್ಲಿ. ಕಲ್ಲು ತೊಳೆದು, ಒದ್ದೆ ಕಾಗದವನ್ನು ಬ್ರಷ್ಷಿನಿಂದ ಅಕ್ಷರದ ಗುಳಿಗೆ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುವವರಿಗೆ ಗೊತ್ತು: ಸವೆದ ಒಂದು ಅಕ್ಷರ ಬೆಳಕು ಬದಲಾದರೆ ಬೇರೆಯಾಗಿ ಕಾಣುತ್ತದೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ. ಅವರ ಕೈಕೆಳಗೆ ಪಳಗಿದ ಆರ್. ನರಸಿಂಹಾಚಾರ್ಯರು 1923ರಲ್ಲಿ ಕೊಟ್ಟದ್ದು 500. ಇನ್ನೂ ದೊಡ್ಡ ಪಾಠ ಬೇಲೂರು ತಾಲ್ಲೂಕಿನದು. ಹಾಸನ ಸಂಪುಟ ಅಚ್ಚಾಗಿ ಮೂರು ದಶಕ ಕಳೆದ ಮೇಲೆ, 1936ರಲ್ಲಿ, ಪುರಾತತ್ವಜ್ಞ ಎಂ.ಎಚ್. ಕೃಷ್ಣ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಬಹುಕಾಲ ಕನ್ನಡಕ್ಕೇ ಹಿರಿಯದೆನಿಸಿದ್ದ ಸುಮಾರು ಕ್ರಿ.ಶ. 450ರ ಆ ಕಲ್ಲು, ಕಟ್ಟುನಿಟ್ಟಾಗಿ ಶೋಧಿಸಿದ ಜಿಲ್ಲೆಯಲ್ಲೇ ಕಣ್ತಪ್ಪಿ ಉಳಿದಿತ್ತು.

ಎರಡನೆಯ ದೋಷ, ಬರಹಕ್ಕಷ್ಟೇ ಬೆಲೆ ಕೊಟ್ಟದ್ದು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಗೊರೂರು ಅಣೆಕಟ್ಟೆಯಿಂದಾಗಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡದವರೆಗೆ ತೆರೆದುಕೊಳ್ಳುತ್ತದೆ. ಚಾವಣಿ ಹೋಗಿದೆ, ಕಮಾನುಗಳು ನಿಂತಿವೆ. ರೈಸ್ ಅವರ ಜೀವಿತಕಾಲದ್ದೇ ಆದ ಇಂಥ ಕಟ್ಟಡಕ್ಕೆ ಶಾಸನ ಸಂಪುಟದ ಚೌಕಟ್ಟಿನಲ್ಲಿ ಜಾಗವಿಲ್ಲ. ಅಲ್ಲಿಂದ ಎದ್ದುಹೋದ ಒಕ್ಕಲುಗಳಿಗಂತೂ ಇಲ್ಲವೇ ಇಲ್ಲ. ಊರೇ ಸ್ಥಳಾಂತರವಾದಲ್ಲಿ ‘ಊರ ಮುಂದಿನ ಕಲ್ಲು’ ಎಂಬ ವಿಳಾಸ ನಡೆಯುವುದಿಲ್ಲ. ಆ ಕಲ್ಲು ಎಲ್ಲಿತ್ತೆಂದು ಹೇಳಬಲ್ಲವರು ಹಳೆಯ ಊರಿನಲ್ಲಿ ಬಾಳಿದ ಹಿರಿಯರು ಮಾತ್ರ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದು ಪಾಠಗಳನ್ನು ತಿದ್ದಿದೆ, ಹೊಸ ಶಾಸನಗಳನ್ನು ಸೇರಿಸಿದೆ. ರೈಸ್ ಅವರಿಗೆ ಸಲ್ಲಬೇಕಾದ ನಿಜವಾದ ಗೌರವ ಅದು. ಅವರನ್ನು ಪೂಜಿಸುವುದಲ್ಲ, ಮುಂದುವರಿಸುವುದು. ಅಧಿಕಾರಿಗಳ ಪರಂಪರೆ ನಮಗೆ ಪಾಠ ಉಳಿಸಿಕೊಟ್ಟಿತು. ಪಾಠದ ಸುತ್ತಲಿನ ಊರನ್ನು ಉಳಿಸುವ ಕೆಲಸ ಊರಿನವರದೇ. ನಿಮ್ಮೂರಿನ ಕಲ್ಲು ಸಂಪುಟದಲ್ಲಿದ್ದರೆ ಅದು ಈಗಲೂ ಅಲ್ಲೇ ಇದೆಯೇ ಎಂದು ಹೋಗಿ ನೋಡಿ. ಸಂಪುಟದಲ್ಲಿ ಇಲ್ಲದ ಕಲ್ಲು ಕಂಡರೆ ಮಗ್ಗುಲಿಗೆ ತಳ್ಳದೆ, ಸುಣ್ಣ ಬಳಿಯದೆ, ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.