ಜೀವನಪೂರ್ತಿ ಊಟ ಉಚಿತ: ಯಾರ ಜೀವನ?

ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ 24ನೇ ಬೀದಿಯಲ್ಲಿ ಕಾಸಾ ಸಾಂಚೆಜ್ ಎಂಬ ಮೆಕ್ಸಿಕನ್ ಹೋಟೆಲಿತ್ತು. ಗೋವಿನಜೋಳದ ತೆನೆ ಏರಿ ಸವಾರಿ ಹೊರಟ ಹುಡುಗ ಅದರ ಗುರುತು. ಆ ಚಿತ್ರವನ್ನು ಹಚ್ಚೆ ಹಾಕಿಸಿಕೊಂಡು ಬಂದವರಿಗೆ ಜೀವನಪೂರ್ತಿ ಮಧ್ಯಾಹ್ನದ ಊಟ ಉಚಿತ ಎಂದು 1990ರ ದಶಕದ ಕೊನೆಗೆ ಮಾಲೀಕರು ಹೇಳಿದರು. ಹಲವರು ನಿಜಕ್ಕೂ ಹಾಕಿಸಿಕೊಂಡರು. 2012ರಲ್ಲಿ ಹೋಟೆಲು ಮುಚ್ಚಿತು.

ಆನ್‌ಸೈಟ್ ದಿನಗಳಲ್ಲಿ ಅಲ್ಲಿ ಉಂಡವರಲ್ಲಿ ನಾನೂ ಒಬ್ಬ. ಹಚ್ಚೆ ಹಾಕಿಸಿಕೊಳ್ಳುವ ಧೈರ್ಯ ಮಾಡಲಿಲ್ಲ. ಸತ್ತಾಗ ಜೊತೆಗೆ ಬರೋದು ಹಚ್ಚೆ ಒಂದೇ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಊಟಕ್ಕಾಗಿ ಅಷ್ಟು ದೂರದ ಒಪ್ಪಂದ ಬೇಡ ಅನ್ನಿಸಿತ್ತು. ಇವತ್ತು ಅದೇ ಮಾತನ್ನು ಕರಾರುಪತ್ರ ಓದುವ ಕಣ್ಣಿನಿಂದ ನೋಡುತ್ತೇನೆ. 'ಜೀವನಪೂರ್ತಿ' ಅಂದರೆ ಯಾರ ಜೀವನ? ಉಣ್ಣುವವನದೋ, ಹೋಟೆಲಿನದೋ?

ಮುಚ್ಚಿದ ಹೋಟೆಲುಗಳ ಬಗ್ಗೆ ನಾವು ಬರೆಯುವುದೆಲ್ಲ ಒಂದೇ ಅಚ್ಚಿನಲ್ಲಿರುತ್ತದೆ. ಬಾಡಿಗೆ ಏರಿತು, ಐಟಿಯವರು ಬಂದರು, ಬಡಪಾಯಿ ಹೋಟೆಲು ಸತ್ತಿತು. ಮಿಷನ್‌ನಲ್ಲಿ ಬಾಡಿಗೆ ಏರಿದ್ದು ಸುಳ್ಳಲ್ಲ, ಏರಿಸಿದವರಲ್ಲಿ ನನ್ನಂಥವರ ಸಂಬಳವೂ ಸೇರಿತ್ತು. ಆದರೆ ಕಾಸಾ ಸಾಂಚೆಜ್ ಈ ಅಚ್ಚಿಗೆ ಒಗ್ಗುವುದಿಲ್ಲ. 1924ರಿಂದ ವ್ಯಾಪಾರದಲ್ಲಿದ್ದ ಆ ಕುಟುಂಬ ಸೋತು ಓಡಲಿಲ್ಲ. ಅವರ ಚಿಪ್ಸ್ ಮತ್ತು ಸಾಲ್ಸಾ ಸೂಪರ್‌ಮಾರ್ಕೆಟ್ಟಿನಲ್ಲಿ ಹೋಟೆಲು ಮುಚ್ಚಿದ ಮೇಲೂ ಮಾರಾಟವಾದವು. ರುಚಿ ಉಳಿಯಿತು. ಹಾಗಾದರೆ ನಾವು ಅಳುವುದು ಯಾವುದಕ್ಕೆ?

ಉತ್ತರ ಗೋವಿನಜೋಳದಲ್ಲೇ ಇದೆ. ಟೋರ್ಟಿಯಾದ ಹಿಟ್ಟಿಗೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ರುಬ್ಬುತ್ತಾರೆ. ನಾವು ಎಲೆಯಡಿಕೆಗೆ ಹಚ್ಚುವ ಸುಣ್ಣದ ಜಾತಿಯದೇ. ಕಾಳಿನಲ್ಲಿ ಬಿಗಿದುಕೊಂಡ ನಯಾಸಿನ್ ಎಂಬ ಜೀವಸತ್ವವನ್ನು ಮೈಗೆ ಸಿಗುವಂತೆ ಮಾಡುವುದೂ ಈ ಸುಣ್ಣವೇ. ಯುರೋಪಿನವರು ಅಮೆರಿಕದಿಂದ ಕಾಳನ್ನು ಒಯ್ದರು, ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಬರೀ ಜೋಳವನ್ನೇ ನಂಬಿದ ಅಲ್ಲಿನ ಬಡವರಿಗೆ ಪೆಲ್ಲಾಗ್ರಾ ರೋಗ ಬಂತು. ಹೊಟ್ಟೆ ತುಂಬಿತ್ತು, ಸತ್ವ ಸಿಕ್ಕಿರಲಿಲ್ಲ.

ಪೊಟ್ಟಣದ ಚಿಪ್ಸೂ ಹೀಗೆಯೇ. ಪದಾರ್ಥ ಬಂತು, ಮೇಜು ಬರಲಿಲ್ಲ. ಅಗ್ಗದ ಹೋಟೆಲಿನ ಮೇಜಿನಲ್ಲಿ ಗೋಡೆಗೆ ಬಣ್ಣ ಹೊಡೆಯುವವನ ಎದುರು ಎಚ್1ಬಿ ಎಂಜಿನಿಯರ್ ಕೂರುತ್ತಿದ್ದ. ಮಾತು ಬಾರದಿದ್ದರೂ ಖಾರದ ಸಾಲ್ಸಾ ಬಟ್ಟಲನ್ನು ಆಚೆಯಿಂದ ಈಚೆಗೆ ತಳ್ಳುವಷ್ಟು ನಂಟು ಇರುತ್ತಿತ್ತು. ಊಟದ ಗುಣ ಅಳೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಇದು ಬಿಲ್ಲಿನಲ್ಲಿ ಇರುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನನ್ನೂ ಕೇಳಿಕೊಳ್ಳಬೇಕು. ಪುಣೆಯ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಕನ್ನಡದವರ ಪುಟ್ಟ ಖಾನಾವಳಿಯಿದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಪುಣೆಗೆ ಬಂದ ಮೊದಲ ವರ್ಷ ದಿನಾ ಅಲ್ಲೇ ಉಂಡೆ. ಈಗ ವಾರಕ್ಕೊಮ್ಮೆ ಅಲ್ಲಿಂದಲೇ ಆ್ಯಪಿನಲ್ಲಿ ತರಿಸುತ್ತೇನೆ, ಎಣಗಾಯಿ ಆರಿರುತ್ತದೆ. ಮೊನ್ನೆ ರಸ್ತೆಯಲ್ಲಿ ಸಿಕ್ಕ ಅಲ್ಲಿನ ಅಕ್ಕ, "ಯಾಕ್ರೀ ಅಣ್ಣಾರ, ಊರಾಗ ಇದ್ದಿಲ್ಲೇನು? ಭಾಳ ದಿನಾತು ಬಂದಿಲ್ಲ" ಅಂದರು. ಅವರ ಕೈಯಡುಗೆ ಹಿಂದಿನ ರಾತ್ರಿಯಷ್ಟೇ ಉಂಡಿದ್ದೆ. ಅದು ನನಗೆ ಬಂದದ್ದು ಅಂತ ಅವರಿಗೆ ಗೊತ್ತಿರಲಿಲ್ಲ.

ಆ ಹಚ್ಚೆಯವರನ್ನು ನೋಡಿ ಆಗ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಕರಾರನ್ನು ಅವರೇ ಸರಿಯಾಗಿ ಓದಿದ್ದರು. ಊಟ ಬಿಟ್ಟಿ ಸಿಗುತ್ತಿತ್ತು ನಿಜ, ಆದರೆ ಅದನ್ನು ಉಣ್ಣಲು ಪ್ರತಿಸಲ ತಾವೇ ಅಲ್ಲಿಗೆ ಹೋಗಬೇಕಿತ್ತು.