ಹೊಲ ನೋಡಿ ಬೀಜ, ನೀರು ನೋಡಿ ಸೀಗಡಿ

ಮುರಗೋಡದ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಮೈ ಸವರಿದರೆ ಬೆರಳಿಗೆ ಬಿಳಿ ಹಕ್ಕಳೆ ಹತ್ತುತ್ತದೆ. ಅದು ನೀರಿನಲ್ಲಿ ಕರಗಿ ಬಂದ ಸುಣ್ಣ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಸಿಹಿನೀರಿನ ಪುಟ್ಟ ಸೀಗಡಿ ಸಾಕಲು ಹೊರಟವರು ಮೊದಲು ನೋಡಬೇಕಾದದ್ದು ಈ ಹಕ್ಕಳೆಯನ್ನೇ. ಆದರೆ ಈಗಿನ ರೂಢಿ ತಿರುವುಮುರುವು. ಮೊದಲು ಬಣ್ಣದ ಸೀಗಡಿ, ಆಮೇಲೆ ಅದಕ್ಕೆಂದು ದುಬಾರಿ ಮಣ್ಣು, ಕೊನೆಗೆ ಪಿಎಚ್ ಇಳಿಸುವ ಬಾಟಲಿ. ನೀರಿನ ವಿಚಾರ ಬರುವುದು ಸೀಗಡಿ ಸತ್ತ ಮೇಲೆ.

‘ಆಕ್ಟಿವ್ ಸಾಯಿಲ್’ ಎಂದು ಮಾರುವ ಆ ಕಪ್ಪು ಗುಳಿಗೆಮಣ್ಣು ಕೆಟ್ಟ ಸರಕೇನಲ್ಲ. ಜಲಸಸ್ಯದ ತೊಟ್ಟಿಗಳನ್ನು ಜಗತ್ತಿನಲ್ಲಿ ಜನಪ್ರಿಯಗೊಳಿಸಿದ ಜಪಾನಿನ ತಕಾಶಿ ಅಮಾನೊ (1954–2015) 1982ರಲ್ಲಿ ಕಟ್ಟಿದ ಎಡಿಎ ಸಂಸ್ಥೆಯೇ ಇಂಥ ಮಣ್ಣನ್ನು ಮನೆಮಾತು ಮಾಡಿತು. ಪಾಚಿ ತಿನ್ನಲು ತೊಟ್ಟಿಗೆ ಸೀಗಡಿ ಬಿಡುವ ಪದ್ಧತಿ ಹರಡಿದ್ದೂ ಅವರಿಂದಲೇ. ಈ ಮಣ್ಣು ನೀರಿನ ಸುಣ್ಣವನ್ನು ಹೀರಿ, ಬದಲಿಗೆ ಆಮ್ಲ ಬಿಟ್ಟು, ಪಿಎಚ್ಚನ್ನು 6ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಜಪಾನಿನ ನಲ್ಲಿ ನೀರು ಬಹುಮಟ್ಟಿಗೆ ಮೆದು. ಅಲ್ಲಿ ಮಣ್ಣಿಗೆ ದುಡಿಮೆ ಕಡಿಮೆ. ಮೆದು ನೀರಿನಲ್ಲಿ ಒಂದು, ಒಂದೂವರೆ ವರ್ಷ ಬಾಳುವ ಅದರ ಕಸುವು ನಮ್ಮ ಗಡಸು ನೀರಿನಲ್ಲಿ ಕೆಲವೇ ತಿಂಗಳಿಗೆ ಮುಗಿಯುತ್ತದೆ. ಹೊಸದರಲ್ಲಿ ಅದು ಅಮೋನಿಯಾವನ್ನೂ ಬಿಡುವುದರಿಂದ ಮೂರರಿಂದ ಆರು ವಾರ ಸೀಗಡಿ ಬಿಡದೆ ಕಾಯಬೇಕು. ಅಷ್ಟು ತಾಳ್ಮೆ ಎಷ್ಟು ಮಂದಿಗೆ ಇದೆ?

ಪಿಎಚ್ ಇಳಿಸುವ ಬಾಟಲಿಯದು ಇನ್ನೂ ಪೊಳ್ಳು ಉಪಾಯ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನ ಅಳತೆಗೆ ಹವ್ಯಾಸಿಗಳು ‘ಕೆಎಚ್’ ಎನ್ನುತ್ತಾರೆ. ಅದು ಹೆಚ್ಚಿದ್ದಷ್ಟು ಕಾಲ ಸುರಿದ ಆಮ್ಲವನ್ನೆಲ್ಲ ನುಂಗುತ್ತದೆ. ಇವತ್ತು 7ಕ್ಕೆ ಇಳಿದ ಪಿಎಚ್ ನಾಳೆ ಮತ್ತೆ 8ರ ಕಡೆ ಏರುತ್ತದೆ. ಸುರಿಯುತ್ತಲೇ ಹೋದರೆ ಒಂದು ದಿನ ಕೆಎಚ್ ತೀರಿ ಪಿಎಚ್ ದಿಢೀರನೆ ಕುಸಿಯುತ್ತದೆ. ಸೀಗಡಿಗೆ ತುಸು ಹೆಚ್ಚಿನ ಪಿಎಚ್ಚಿಗಿಂತ ಈ ಏರಿಳಿತವೇ ಮಾರಕ.

ಹಾಗಾದರೆ ತಳಕ್ಕೆ ಏನು ಹಾಸಬೇಕು? ನೀರಿನ ಗುಣ ಬದಲಿಸದ, ಚೆನ್ನಾಗಿ ತೊಳೆದ ಸಣ್ಣ ಹರಳು ಅಥವಾ ಮರಳು ಸಾಕು. ಪರೀಕ್ಷೆ ಸುಲಭ: ಹಿಡಿ ಹರಳನ್ನು ಬಟ್ಟಲಿಗೆ ಹಾಕಿ, ನಾಲ್ಕು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ಒಯ್ಯಿರಿ. ಸುಂಯ್ ಎಂದು ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ. ಮೊದಲೇ ಗಡಸಾದ ನೀರನ್ನು ಅದು ಇನ್ನಷ್ಟು ಗಡಸು ಮಾಡುತ್ತದೆ. ಅಮೃತಶಿಲೆಯ ಚೂರು, ಚಿಪ್ಪು, ಹವಳದ ಪುಡಿ ಎಲ್ಲವೂ ಹೀಗೆ ನೊರೆಯುತ್ತವೆ. ಹೊಲದ ಎರೆ ಮಣ್ಣಂತೂ ಬೇಡವೇ ಬೇಡ. ಸುಣ್ಣದ ಹರಳು, ತಿಳಿಯಾಗದ ರಾಡಿ ಎರಡೂ ಅದರಲ್ಲಿವೆ. ಹತ್ತಿ, ಕಬ್ಬಿಗೆ ಹೊಡೆದ ಕೀಟನಾಶಕದ ಅಂಶ ಉಳಿದಿದ್ದರೆ ಸೀಗಡಿ ಬದುಕದು. ಅದೂ ಕೀಟದ ದೂರದ ಬಳಗವೇ.

ಇನ್ನು ಸೀಗಡಿಯ ಆಯ್ಕೆ. ಕೆಂಪು ‘ಚೆರ್ರಿ’ ಜಾತಿ ಪಿಎಚ್ 6.5ರಿಂದ 8ರವರೆಗೆ ಒಗ್ಗಿಕೊಳ್ಳುತ್ತದೆ. ನೀರಿನ ಸುಣ್ಣ ಅದಕ್ಕೆ ಬೇಕು ಕೂಡ. ಪೊರೆ ಕಳಚಿದ ಸೀಗಡಿ ಹೊಸ ಚಿಪ್ಪು ಕಟ್ಟಿಕೊಳ್ಳುವುದು ಆ ಕ್ಯಾಲ್ಸಿಯಂನಿಂದಲೇ. ಕೆಂಪು-ಬಿಳಿ ಪಟ್ಟೆಯ ‘ಕ್ರಿಸ್ಟಲ್ ರೆಡ್’ಗೆ ಪಿಎಚ್ 6ರ ಹತ್ತಿರ, ಕೆಎಚ್ ಸೊನ್ನೆಗೆ ಸಮೀಪ, ಶಾಖ 20–24 ಡಿಗ್ರಿ ಬೇಕು. ನಮ್ಮ ಏಪ್ರಿಲ್ ಬಿಸಿಲು, ಕರೆಂಟಿನ ಕಣ್ಣಾಮುಚ್ಚಾಲೆಯ ನಡುವೆ ಅದನ್ನು ಸಾಕುವುದು ಹಟದ ಮಾತು. ಆ ಹಟ ಇದ್ದವರಿಗಷ್ಟೇ ಗುಳಿಗೆಮಣ್ಣು ಸಾರ್ಥಕ. ಅದೂ ಆರ್‌ಓ ನೀರಿಗೆ ಸೀಗಡಿಗೆ ಬೇಕಾದ ಖನಿಜ ಬೆರೆಸಿ ಬಳಸಿದಾಗ.

ಬೋರ್ ನೀರು ತೀರಾ ಗಡಸಾಗಿದ್ದರೆ ಚೆರ್ರಿಗೂ ದಾರಿಯಿದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ಆರ್‌ಓ ನೀರು ತಂದು ಸಮಸಮ ಬೆರೆಸಿದರೆ 12 ಇದ್ದ ಕೆಎಚ್ 6ರ ಹತ್ತಿರ ಬರುತ್ತದೆ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು ಇದೇ ಮಿಶ್ರಣದಿಂದ ಮೆಲ್ಲಗೆ ಬದಲಿಸಿದರಾಯಿತು. ಹಂಡೆ ತಾಮ್ರದ್ದಾದರೆ ಅದರ ನೀರು ಮಾತ್ರ ಬೇಡ. ತಾಮ್ರ ಸೀಗಡಿಗೆ ವಿಷ.

ಗಡಸು ನೀರಿಗೂ ಒಂದು ದೋಷವಿದೆ, ಮುಚ್ಚಿಡಬಾರದು: ಅದರ ಪಿಎಚ್ ಹೆಚ್ಚು. ಪಿಎಚ್ 7ರಲ್ಲಿ ಅಮೋನಿಯಾದ ಇನ್ನೂರರಲ್ಲಿ ಸುಮಾರು ಒಂದು ಪಾಲು ವಿಷರೂಪದಲ್ಲಿದ್ದರೆ 8ರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಆದ್ದರಿಂದ ಹೆಚ್ಚು ಮೇವು ಹಾಕಿ ಕೊಳೆಸುವ ಕೈಗೆ ಇಲ್ಲಿ ಕ್ಷಮೆ ಇಲ್ಲ.

ಎರೆಗೆ ಬಿಳಿಜೋಳ, ಮಸಾರಿಗೆ ಶೇಂಗಾ ಎಂದು ಹೊಲ ನೋಡಿ ಬಿತ್ತುವ ಊರು ಇದು. ತೊಟ್ಟಿಗೂ ಅದೇ ನ್ಯಾಯ. ನಮ್ಮ ನೀರಿಗೆ ಸಾದಾ ಹರಳು, ಚೆರ್ರಿ ಸೀಗಡಿ, ಮಿತವಾದ ಮೇವು ಸಾಕು. ಮಣ್ಣಿನ ಚೀಲಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಕೆಎಚ್ ಪರೀಕ್ಷೆಯ ಕಿಟ್ ಕೊಳ್ಳಿ.